ಘಾಲಾದ ಡಬ್ಬಿಯೂ ಹಳದಿ ಹೆಲ್ಮೆಟ್ಟೂ

ಮಕ್ಕಳ ಜಾಣತನವನ್ನು ಬಂದವರ ಮುಂದೆಲ್ಲ ಹೊಗಳಿಕೊಳ್ಳುವ ತಂದೆಯರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಚಹಾ ಕೊಟ್ಟು, ಬಿಸ್ಕತ್ತಿನ ತಟ್ಟೆ ಮುಂದಿಟ್ಟು, "ಪುಟ್ಟಾ, ಅಂಕಲ್‌ಗೆ ಒಂದು ಹಾಡು ಹೇಳು" ಎನ್ನುವವರ ಮನೆಗೆ ಎರಡನೇ ಸಲ ಹೋಗಬಾರದೆಂದು ಶಪಥ ಮಾಡಿದವನು ನಾನು. ಸ್ವಂತ ಮಗಳನ್ನೂ ಯಾರ ಮುಂದೆಯೂ ಹಾಗೆ ನಿಲ್ಲಿಸಿದವನಲ್ಲ. ನಿಲ್ಲಿಸಿದರೆ ಅವಳು ನಿಲ್ಲುವುದೂ ಇಲ್ಲ, ಆ ಮಾತು ಬೇರೆ. ಇಂಥ ನಾನು, ಐವತ್ತರ ಹೊಸ್ತಿಲಿಗೆ ಬಂದು ನಿಂತಾಗ, ಒಂದು ಕಂಪ್ಯೂಟರ್ ಫೈಲಿನ ವಿಷಯದಲ್ಲಿ ಅದೇ ಜಾತಿಯ ತಂದೆಯಾಗಿಬಿಟ್ಟೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಒಪ್ಪಿಕೊಳ್ಳುತ್ತಿದ್ದೇನೆ. ಯಾಕೆಂದರೆ ನಾನು ಒಪ್ಪಿಕೊಳ್ಳದಿದ್ದರೆ ನನ್ನ ಹೆಂಡತಿ ಶೋಭಾ ಈ ಕಥೆಯನ್ನು ಮಸ್ಕತ್ತಿನ ಕನ್ನಡಿಗರಿಗೆಲ್ಲ ತಾನೇ ಹೇಳುತ್ತಾಳೆ, ಮತ್ತು ಅವಳು ಹೇಳಿದರೆ ನನ್ನ ಪಾತ್ರ ಇನ್ನಷ್ಟು ಕೆಡುತ್ತದೆ.

ನಾನು ಗದಗಿನವನು. ಹನ್ನೊಂದು ವರ್ಷದಿಂದ ಮಸ್ಕತ್ತಿನ ಘಾಲಾ ಬಡಾವಣೆಯ ಒಂದು ಸಣ್ಣ ಕಂಪನಿಯಲ್ಲಿ ಇಂಜಿನಿಯರ್. ಎಡಕ್ಕೆ ಗ್ಯಾರೇಜು, ಬಲಕ್ಕೆ ಟೈರಿನಂಗಡಿ, ನಡುವಿನ ಮೆಟ್ಟಿಲು ಹತ್ತಿದರೆ ನಮ್ಮ ಆಫೀಸು. ಗೋದಾಮುಗಳಿಗೆ ಕ್ಯಾಮೆರಾ ಕೂರಿಸುವುದು ನಮ್ಮ ದಂಧೆ. ಈಗಿನ ಕಾಲದಲ್ಲಿ ಬರೀ ಕ್ಯಾಮೆರಾ ಯಾರಿಗೂ ಬೇಡ. ಅದಕ್ಕೆ ಬುದ್ಧಿಯೂ ಇರಬೇಕು. ಹಾಗಾಗಿ ನಾನು ಏಳು ತಿಂಗಳು ಕುಳಿತು ಒಂದು ಮಾಡೆಲ್ ತಯಾರಿಸಿದೆ. ಮಾಡೆಲ್ ಎಂದರೆ ಹೆಚ್ಚೇನಿಲ್ಲ, ಚಿತ್ರ ತೋರಿಸಿದರೆ ಇದು ಮನುಷ್ಯ, ಇದು ಸರಕು ಎತ್ತುವ ಫೋರ್ಕ್‌ಲಿಫ್ಟ್, ಈ ತಲೆಯ ಮೇಲೆ ಹೆಲ್ಮೆಟ್ ಇದೆ, ಆ ತಲೆ ಬೋಳು ಎಂದು ಚೌಕ ಎಳೆದು ಹೇಳುವ ಒಂದು ಫೈಲು. ಅದಕ್ಕೆ ಕಲಿಸಲು ಸಾವಿರಾರು ಚಿತ್ರಗಳಲ್ಲಿ ಒಂದೊಂದು ತಲೆಗೂ ನಾನೇ ಕೈಯಾರೆ ಚೌಕ ಎಳೆದಿದ್ದೆ. ಎಳೆದೆಳೆದು ಕೊನೆಗೆ ಊಟಕ್ಕೆ ಕುಳಿತಾಗ ಶೋಭಾಳ ತಲೆಯ ಸುತ್ತಲೂ ಒಂದು ಚೌಕ ಕಾಣುತ್ತಿತ್ತು. ಮಾಡೆಲ್ ನಮ್ಮ ಆಫೀಸಿನ ದೊಡ್ಡ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಉತ್ತರ ಹೇಳತೊಡಗಿದ ದಿನ ನಾನು ಎಲ್ಲರಿಗೂ ಹಲ್ವಾ ಹಂಚಿದೆ. ಶೋಭಾ, "ಮಗಳು ಹುಟ್ಟಿದಾಗ ಬರೇ ಪೇಡೆ ಕೊಟ್ಟಿದ್ರಿ" ಎಂದು ನೆನಪಿಸಿದಳು. ಮಗಳು ಅನಘಾ ಮೊಬೈಲಿನಿಂದ ತಲೆಯೆತ್ತದೆ, "ಅಪ್ಪಾ, ಇಟ್ಸ್ ಜಸ್ಟ್ ಎ ಫೈಲ್" ಅಂದಳು. ಇಬ್ಬರ ಮೇಲೂ ನನಗೆ ಸಿಟ್ಟು ಬಂತು.

ತೊಂದರೆ ಶುರುವಾಗಿದ್ದು ಆಮೇಲೆ. ನಮ್ಮ ಗಿರಾಕಿಯ ಗೋದಾಮಿನಲ್ಲಿ ದೊಡ್ಡ ಕಂಪ್ಯೂಟರ್ ಇಡಲು ಜಾಗವಿಲ್ಲ. ಅಲ್ಲಿ ಕಂಬಕ್ಕೆ ತಗುಲಿಸಿದ ಒಂದು ಡಬ್ಬಿ, ನಮ್ಮ ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಆ ಡಬ್ಬಿಯೊಳಗಿನ ಸಾಫ್ಟ್‌ವೇರಿಗೆ ನನ್ನ ಮಾಡೆಲಿನ ಭಾಷೆ ಬರುವುದಿಲ್ಲ. ಒಂದು ಸಾಫ್ಟ್‌ವೇರ್ ಚೌಕಟ್ಟಿನಲ್ಲಿ ಕಲಿತ ಮಾಡೆಲನ್ನು ಇನ್ನೊಂದು ಚೌಕಟ್ಟಿಗೆ ಒಗ್ಗುವಂತೆ ಪರಿವರ್ತಿಸಬೇಕು. ನೇರವಾಗಿ ಆಗುವುದಿಲ್ಲ, ಮೊದಲು ನಡುವಿನ ಒಂದು ರೂಪಕ್ಕೆ, ಅಲ್ಲಿಂದ ಡಬ್ಬಿಯ ರೂಪಕ್ಕೆ. ಇದು ನಮ್ಮ ಡಿಗ್ರಿ ಸರ್ಟಿಫಿಕೇಟಿನ ಅಟೆಸ್ಟೇಷನ್ ಇದ್ದ ಹಾಗೆ. ಗಲ್ಫಿಗೆ ಬಂದವರಿಗೆ ಆ ಪಾಡು ಗೊತ್ತು. ನನ್ನ ಸರ್ಟಿಫಿಕೇಟು ಧಾರವಾಡದಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದಿಲ್ಲಿಗೆ, ದಿಲ್ಲಿಯ ಎರಡು ಕಚೇರಿ ಸುತ್ತಿ ಮಸ್ಕತ್ತಿಗೆ ಬರುವಷ್ಟರಲ್ಲಿ ಹಿಂಬದಿಯಲ್ಲಿ ಠಸ್ಸೆ ಹೊಡೆಯಲು ಜಾಗವಿರಲಿಲ್ಲ. ಇಷ್ಟು ಮಂದಿ ಠಸ್ಸೆ ಹೊಡೆದರೂ, ನನಗೆ ನಿಜವಾಗಿ ಏನಾದರೂ ಬರುತ್ತದೆಯೇ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಆಗ ಅದು ನನಗೆ ಬಹಳ ಅನುಕೂಲವೇ ಆಗಿತ್ತು.

ಪರಿವರ್ತನೆಯಲ್ಲಿ ಎಂಥ ಸಣ್ಣ ವಿಷಯ ಎಷ್ಟು ಕಾಡುತ್ತದೆಂಬುದು ನನಗೆ ಗೊತ್ತಿರಬೇಕಿತ್ತು. ಹುಬ್ಬಳ್ಳಿಯ ಪೇಟೆಯಲ್ಲಿ ಟೆಂಪೊ, ಎಮ್ಮೆ, ಮದುವೆಯ ದಿಬ್ಬಣ ಮೂರನ್ನೂ ಒಟ್ಟಿಗೆ ತಪ್ಪಿಸಿಕೊಂಡು ಹದಿನಾಲ್ಕು ವರ್ಷ ಕಾರು ಓಡಿಸಿದವನು ನಾನು. ಇಲ್ಲಿ ಬಂದು ಲೈಸೆನ್ಸಿಗೆ ನಿಂತರೆ, ಡ್ರಮ್ಮುಗಳ ನಡುವೆ ಹಿಮ್ಮುಖವಾಗಿ ಗಾಡಿ ನುಗ್ಗಿಸುವ ಪರೀಕ್ಷೆಯಲ್ಲೇ ಎರಡು ಸಲ ಡ್ರಮ್ಮು ಉರುಳಿಸಿದೆ. ಮೂರನೇ ಸಲ ಡ್ರಮ್ಮು ದಾಟಿ ರಸ್ತೆಗೆ ಬಂದೆ. ತಿರುವಿನಲ್ಲಿ ಸಿಗ್ನಲ್ ಹಾಕುವ ಬದಲು ವೈಪರ್ ಹಾಕಿದೆ. ಮಳೆಯೇ ಬಾರದ ಊರಿನಲ್ಲಿ, ಸುಡುಬಿಸಿಲಿನಲ್ಲಿ, ವೈಪರ್ ಆಚೆ ಈಚೆ ಬಡಿದುಕೊಳ್ಳುವುದನ್ನು ನೋಡುತ್ತ ಪಕ್ಕದಲ್ಲಿದ್ದ ಪೊಲೀಸು, "ಖಲಾಸ್" ಎಂದು ಕಾಗದ ಮಡಚಿದ. ಕಣ್ಣು ಅದೇ, ಕೈ ಅದೇ, ಬುದ್ಧಿಯೂ ಇದ್ದಷ್ಟು ಅದೇ. ಎಡ ಬಲ ಮಾತ್ರ ಅದಲುಬದಲಾಗಿತ್ತು. ಆದರೆ ಮನುಷ್ಯ ತನ್ನ ಅವಮಾನದಿಂದ ಪಾಠ ಕಲಿಯುವ ಬದಲು ಅದನ್ನು ಮರೆಯುವುದರಲ್ಲೇ ಹೆಚ್ಚು ಶ್ರಮ ಪಡುತ್ತಾನೆ. ನಾನೂ ಅಷ್ಟೇ.

ಹದಿನೈದು ದಿನ ಗುದ್ದಾಡಿ ಪರಿವರ್ತನೆ ಮುಗಿಸಿದೆ. ಹಳೆಯ ಮಾಡೆಲಿಗೂ ಹೊಸದಕ್ಕೂ ಒಂದೇ ಚಿತ್ರ ಕೊಟ್ಟು ನೋಡಿದರೆ ಉತ್ತರಗಳು ದಶಾಂಶದ ನಾಲ್ಕನೇ ಸ್ಥಾನದವರೆಗೆ ತಾಳೆಯಾಗುತ್ತಿದ್ದವು. ಆಮೇಲೆ ಡಬ್ಬಿಯನ್ನು ಗೋದಾಮಿನ ಕಂಬಕ್ಕೆ ಕೂರಿಸಿ ನಿಜವಾದ ಪರೀಕ್ಷೆಯನ್ನೂ ಮಾಡಿದೆವು. ಮಾಡಿದವರು ಇಬ್ಬರು: ನಾನು ಮತ್ತು ನನ್ನ ಸಹೋದ್ಯೋಗಿ ಫೆಲಿಕ್ಸ್. ಫೆಲಿಕ್ಸ್ ಉಡುಪಿ ಕಡೆಯವರು, ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. ಇಬ್ಬರೂ ನಮ್ಮ ಬಿಳಿ ಹೆಲ್ಮೆಟ್ ಹಾಕಿಕೊಂಡು ಕ್ಯಾಮೆರಾ ಮುಂದೆ ನಡೆದೆವು. "ಹೆಲ್ಮೆಟ್ ಇದೆ" ಎಂದಿತು ಡಬ್ಬಿ. ತೆಗೆದು ನಡೆದೆವು. "ಹೆಲ್ಮೆಟ್ ಇಲ್ಲ" ಎಂದಿತು. ಫೆಲಿಕ್ಸ್ ಹೆಲ್ಮೆಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಾಗಲೂ ಮೋಸಹೋಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಗೋದಾಮಿನ ಸುರಕ್ಷತಾ ಅಧಿಕಾರಿ ಸಾಲೆಂ, ಅಗಲ ಹೆಗಲಿನ, ನಿಧಾನ ಮಾತಿನ ಒಮಾನಿ, ನನ್ನ ಬೆನ್ನು ತಟ್ಟಿ, "ಶಾಬಾಸ್, ಮುಹಂದಿಸ್" ಎಂದರು. ಮುಹಂದಿಸ್ ಎಂದರೆ ಅರಬ್ಬಿಯಲ್ಲಿ ಇಂಜಿನಿಯರ್. ಊರಲ್ಲಿ ಯಾರೂ ನನ್ನನ್ನು ಇಷ್ಟು ಗೌರವದಿಂದ ಕರೆದದ್ದಿಲ್ಲ.

ಭಾನುವಾರ, ಅಂದರೆ ಇಲ್ಲಿನ ವಾರದ ಮೊದಲ ದಿನ, ಡಬ್ಬಿ ಕೆಲಸಕ್ಕೆ ಹಾಜರಾಯಿತು. ಅದಕ್ಕೆ ಚಿತ್ರ ಉಳಿಸಿಕೊಳ್ಳುವಷ್ಟು ಜಾಗವಿಲ್ಲ. ಯಾರಾದರೂ ಬೋಳುತಲೆಯಲ್ಲಿ ಫೋರ್ಕ್‌ಲಿಫ್ಟಿನ ಹತ್ತಿರ ಕಂಡರೆ ಹೊತ್ತು, ಜಾಗ ಬರೆದು ಸಾಲೆಂ ಅವರ ಫೋನಿಗೆ ಒಂದು ಸಾಲು ಕಳಿಸುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ಅಲ್ಲಿದ್ದವರಿಗೆ ಎಚ್ಚರಿಕೆಯ ಪತ್ರ. ಗೋದಾಮಿನ ನಿಯಮ ಹೀಗೆ: ಮೂರು ಪತ್ರವಾದರೆ ಆ ಮನುಷ್ಯನ ರಜೆ ಪಟ್ಟಿಯ ಕೊನೆಗೆ ಹೋಗುತ್ತದೆ. ಗುರುವಾರ ರಜೆಯ ಪಟ್ಟಿಗೆ ಸಹಿ. ಮೊದಲ ದಿನವೇ ಏಳು ಮಂದಿಗೆ ಪತ್ರ ಹೋಯಿತು. ಸೋಮವಾರ ಒಬ್ಬನಿಗೆ ಮಾತ್ರ ಎರಡನೆಯದು ಹೋಯಿತು. ಅವನೇ ಫೋರ್ಕ್‌ಲಿಫ್ಟ್ ಓಡಿಸುವ ಬಶೀರ್. ಬೇರೆಯವರು ಫೋರ್ಕ್‌ಲಿಫ್ಟಿನ ಹತ್ತಿರ ಒಮ್ಮೊಮ್ಮೆ ಬರುತ್ತಾರೆ. ಅವನು ದಿನವಿಡೀ ಅದರ ಮೇಲೇ ಕುಳಿತಿರುತ್ತಾನೆ.

ಬಶೀರ್ ಬಂಟ್ವಾಳದ ಕಡೆಯವನು. ಸೋಮವಾರ ಮಧ್ಯಾಹ್ನ ಎರಡು ಪತ್ರವನ್ನೂ ಮಡಚಿ ಜೇಬಿನಲ್ಲಿಟ್ಟುಕೊಂಡು ನಾನಿದ್ದಲ್ಲಿಗೆ ಬಂದ. "ಸಾರ್, ನೀವು ಕನ್ನಡದವರು ಅಂತ ಫೆಲಿಕ್ಸ್ ಸಾರ್ ಹೇಳಿದ್ರು. ನಾನು ಬೆಳಿಗ್ಗೆ ಹೆಲ್ಮೆಟ್ ಇಟ್ರೆ ಊಟಕ್ಕೆ ಮಾತ್ರ ತೆಗಿಯುದು. ಇದು ಎಂತ ಸಾರ್ ಹೀಗೆ?" ಎಂದ. ಎರಡು ವರ್ಷ ದುಡಿದ ಮೇಲೆ ಅವನಿಗೆ ಈಗ ರಜೆ ಸಿಗುವುದಿತ್ತು. ಅವನು ಇತ್ತ ಬಂದ ಮೇಲೆ ಹುಟ್ಟಿದ ಮಗಳಿಗೆ ಈಗ ಒಂದೂವರೆ ವರ್ಷವಂತೆ. "ಅವಳು ನನ್ನನ್ನು ಫೋನಲ್ಲಿ ಮಾತ್ರ ನೋಡಿದ್ದು ಸಾರ್. ಫೋನಲ್ಲಿ ನಾನು ಇಷ್ಟೇ ಇಷ್ಟು. ಎದುರು ಇಷ್ಟು ದೊಡ್ಡ ಕಂಡ್ರೆ ಹೆದರ್ತಾಳೋ ಎಂತೋ" ಎಂದು ನಕ್ಕ. ಆಗ ನಾನೂ ಮರುಗಬೇಕಿತ್ತು. ಆದರೆ ನನ್ನ ಕಿವಿಗೆ ಬಿದ್ದಿದ್ದು ಒಂದೇ: ಇವನು ನನ್ನ ಮಾಡೆಲಿನ ಮೇಲೆ ದೂರು ಹೇಳುತ್ತಿದ್ದಾನೆ. ಪಕ್ಕದ ಮನೆಯವರು ಬಂದು, ನಿಮ್ಮ ಮಗ ನಮ್ಮ ಕಿಟಕಿ ಒಡೆದ ಎಂದಾಗ ಎದೆ ಸೆಟೆಸಿ ನಿಲ್ಲುವ ತಂದೆಯ ಹಾಗೆ ನಿಂತೆ. "ನೋಡ್ರಿ ಬಶೀರ್, ನಮ್ಮ ಮಾಡೆಲ್ ಹಂಗೆಲ್ಲಾ ಸುಳ್ಳು ಹೇಳೂದಿಲ್ರಿ. ನಾಲ್ಕನೇ ದಶಾಂಶದ ತನಕಾ ತಾಳಿ ಆಗೈತಿ. ನಿಮ್ಮ ಹೆಲ್ಮೆಟ್ ಹಿಂದಕ್ಕ ಸರದಿರಬೇಕು. ನೆಟ್ಟಗ ಹಾಕ್ಕೋರಿ" ಎಂದು ಉಪದೇಶ ಮಾಡಿದೆ. ಪಾಪ, ಅವನು ದಶಾಂಶಕ್ಕೂ ಸೇರಿಸಿ ತಲೆಯಾಡಿಸಿ ಹೋದ.

ಮಂಗಳವಾರ ಬೆಳಿಗ್ಗೆ ಅವನು ಪಟ್ಟ ಪಾಡನ್ನು ಈಗ ನೆನೆದರೂ ನನಗೆ ತಲೆ ತಗ್ಗಿಸುವ ಹಾಗಾಗುತ್ತದೆ. ಹೆಲ್ಮೆಟನ್ನು ಸಾಬೂನು ಹಚ್ಚಿ ತೊಳೆದು, ತೆಂಗಿನೆಣ್ಣೆ ಸವರಿ, ಮಿರಮಿರ ಮಿಂಚುವ ಹಾಗೆ ಮಾಡಿಕೊಂಡು ಬಂದಿದ್ದ. ಗಲ್ಲದ ಪಟ್ಟಿಯನ್ನು ಬಿಗಿದ ಬಿಗಿತಕ್ಕೆ ಮಾತೇ ಸರಿಯಾಗಿ ಹೊರಡುತ್ತಿರಲಿಲ್ಲ. ಕ್ಯಾಮೆರಾದ ಕೆಳಗೆ ಬಂದಾಗಲೆಲ್ಲ ಫೋರ್ಕ್‌ಲಿಫ್ಟ್ ನಿಲ್ಲಿಸಿ, ತಲೆ ಬಗ್ಗಿಸಿ ಹೆಲ್ಮೆಟ್ ತೋರಿಸಿ, ಆಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಅಪ್ಪಣೆ ಕೇಳಿದವನಂತೆ ಒಂದು ಕ್ಷಣ ಕಾದು ಮುಂದೆ ಹೋಗುತ್ತಿದ್ದ. ಡಬ್ಬಿ ಎಲ್ಲವನ್ನೂ ನೋಡಿ, "ಹೆಲ್ಮೆಟ್ ಇಲ್ಲ" ಎಂದು ಬರೆಯಿತು. ಸಾಲೆಂ ಅವರನ್ನು ನಾನು ಸುಮ್ಮನೆ, "ನೀವೇ ನೋಡಿದಾಗ ಹೇಗಿರುತ್ತಾನೆ?" ಎಂದು ಕೇಳಿದೆ. ಅವರು ತಮ್ಮ ಗಲ್ಫ್ ಹಿಂದಿಯಲ್ಲಿ, ನಾನು ನೋಡಿದಾಗ ಹಾಕಿಕೊಂಡೇ ಇರುತ್ತಾನೆ, ನೋಡದಿದ್ದಾಗ ತೆಗೆಯುತ್ತಾನೆ, ಅದಕ್ಕೇ ತಾನೇ ಯಂತ್ರ ತಂದದ್ದು ಎಂದರು. "ಮಶೀನ್ ಕಾ ಕೋಯಿ ರಿಶ್ತೇದಾರ್ ನಹೀಂ, ಮುಹಂದಿಸ್." ಯಂತ್ರಕ್ಕೆ ನೆಂಟರಿಷ್ಟರಿಲ್ಲ ಎಂಬ ಅವರ ಮಾತು ನನಗೆ ಹೊಗಳಿಕೆಯಂತೆಯೇ ಕೇಳಿಸಿತು. ಆದರೆ ಆವರೆಗಿನ ಹೆಮ್ಮೆಯೊಳಗೆ ಎಲ್ಲೋ ಒಂದು ಮುಳ್ಳು ಆಡಿತು. ನಾನೇ ಕಣ್ಣಾರೆ ನೋಡಿದ್ದೆನಲ್ಲ, ಆ ಹೆಲ್ಮೆಟನ್ನು, ಎಣ್ಣೆಯ ಸಮೇತ. ಮೂರನೇ ಪತ್ರವನ್ನು ಬುಧವಾರ ಕೊಡುವುದಾಗಿ ಸಾಲೆಂ ಹೇಳಿದರು.

ಫೆಲಿಕ್ಸ್‌ಗೆ ಹೇಳಿದೆ. ಅವರು ಒಂದು ನಿಮಿಷ ಯೋಚಿಸಿ, "ಮಾರಾಯ್ರೆ, ಅದಕ್ಕೆಂತ ಇಷ್ಟು ತಲೆಬಿಸಿ? ಅವನ ಹೆಲ್ಮೆಟನ್ನು ನೀವೇ ಒಮ್ಮೆ ತಲೆಗೆ ಇಟ್ಟು ಕ್ಯಾಮೆರಾದ ಎದುರು ನಿಂತು ನೋಡಿ. ಗೊತ್ತಾಗ್ತದೆ" ಎಂದರು. ಎಷ್ಟು ಸರಳವಾದ ಮಾತು! ಅದನ್ನು ಮಾಡಿದ್ದರೆ ಎರಡು ನಿಮಿಷದಲ್ಲಿ ಗುಟ್ಟು ರಟ್ಟಾಗುತ್ತಿತ್ತು. ನಾನು ಮಾಡಲಿಲ್ಲ. ಎಣ್ಣೆ ಇದೆ, ಬೆವರಿದೆ, ಅಳತೆ ಸರಿಹೋಗುವುದಿಲ್ಲ ಎಂದೇನೇನೋ ಹೇಳಿದೆ. ನಿಜವಾದ ಕಾರಣ ಇಷ್ಟು: ಇಲ್ಲಿ ಬಿಳಿ ಹೆಲ್ಮೆಟ್ ಇಂಜಿನಿಯರಿಗೆ, ಹಳದಿ ಕೆಲಸಗಾರರಿಗೆ. ಹನ್ನೊಂದು ವರ್ಷ ಬಿಳಿ ಹೊತ್ತ ತಲೆಯ ಮೇಲೆ ಹಳದಿ ಇಟ್ಟುಕೊಂಡು, ಅಷ್ಟು ಜನರ ಎದುರು ನಿಲ್ಲಲು ನನಗೆ ಸಂಕೋಚವಾಯಿತು. ಇದನ್ನು ಆವತ್ತು ನನಗೆ ನಾನೇ ಹೇಳಿಕೊಂಡಿರಲಿಲ್ಲ. ಫೆಲಿಕ್ಸ್ ಮಾತ್ರ ನನ್ನ ಮುಖ ನೋಡಿ, "ಆಯ್ತು ಬಿಡಿ" ಎಂದು ತಮ್ಮ ಕೆಲಸಕ್ಕೆ ತಿರುಗಿದರು.

ಹೆಲ್ಮೆಟ್ ಹೊರುವ ಬದಲು ನಾನು ಡಬ್ಬಿಗೆ ತಂತಿ ಸಿಕ್ಕಿಸಿ, ಅದು ಮಾಡೆಲಿಗೆ ಯಾವ ಚಿತ್ರ ಉಣಿಸುತ್ತಿದೆಯೋ ಅದರದ್ದೇ ಹತ್ತಿಪ್ಪತ್ತು ಪ್ರತಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬೌಷರಿನ ನಮ್ಮ ಫ್ಲಾಟಿಗೆ ಬಂದೆ. ಸಂಜೆಯ ಚಹಾದ ಹೊತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಚಿತ್ರದ ಪಕ್ಕದಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಪರಿಶೀಲಿಸಿದೆ. ಚೌಕದ ಅಳತೆ ಸರಿ, ಮೂಲೆಗಳು ಸರಿ, ಹೆಸರುಗಳ ಕ್ರಮ ಸರಿ. ಎರಡನೇ ಸಲ ಎಣಿಸುತ್ತಿದ್ದಾಗ ಶೋಭಾ ಅವಲಕ್ಕಿಯ ತಟ್ಟೆ ಇಡಲು ಬಂದವಳು ನನ್ನ ಹೆಗಲ ಮೇಲಿಂದ ಇಣುಕಿದಳು.

"ಯಾಕ್ರೀ ಇವರೆಲ್ಲಾ ನೀಲಿ ಆಗ್ಯಾರ?"

"ಯಾರು?"

"ಯಾರಂದ್ರ? ನಿಮ್ಮ ಗೋದಾಮಿನ ಮಂದಿ. ಮಾರಿ, ಕೈ ಎಲ್ಲಾ ಕ್ಯಾಲೆಂಡರಿನ ಕೃಷ್ಣನಂಗ ಆಗ್ಯಾವಲ್ಲ. ಇವಾ ಯಾಂವ ನೋಡ್ರಿ, ಆಕಾಶ ಬಣ್ಣದ ಟೊಪ್ಪಿಗಿ ಹಾಕ್ಕೊಂಡು ಗಾಡಿ ಮ್ಯಾಲೆ ಕುಂತಾಂವ?"

ಚಿತ್ರವನ್ನು ಆಗ ಮೊದಲ ಸಲ ನೋಡಿದೆ. ಅರ್ಧ ಗಂಟೆಯಿಂದ ಅದರ ಮುಂದೆಯೇ ಕುಳಿತಿದ್ದೆ, ಆದರೆ ನೋಡಿರಲಿಲ್ಲ, ಅಂಕಿ ಓದುತ್ತಿದ್ದೆ. ಗೋದಾಮಿನ ತುಂಬ ನೀಲಿ ಮನುಷ್ಯರು ಪೆಟ್ಟಿಗೆ ಹೊರುತ್ತಿದ್ದರು. ಬೆಂಕಿ ಆರಿಸುವ ಕೆಂಪು ಸಿಲಿಂಡರು ನೀಲಿಯಾಗಿ ಗೋಡೆಗೆ ಒರಗಿತ್ತು. ನಡುವೆ ಫೋರ್ಕ್‌ಲಿಫ್ಟಿನ ಮೇಲೆ, ತಲೆ ಬಗ್ಗಿಸಿ ಆಕಾಶ ಬಣ್ಣದ ಹೆಲ್ಮೆಟ್ ತೋರಿಸುತ್ತ ಬಶೀರ್. ಕಂಪ್ಯೂಟರಿಗೆ ಬಣ್ಣವೆಂದರೆ ಕೆಂಪು, ಹಸಿರು, ನೀಲಿ ಮೂರರ ಲೆಕ್ಕ. ನಾನು ಮಾಡೆಲಿಗೆ ಕಲಿಸಿದ್ದು ಕೆಂಪು ಮೊದಲು, ನೀಲಿ ಕೊನೆಗೆ ಎಂಬ ಕ್ರಮದಲ್ಲಿ. ಈ ಡಬ್ಬಿಯ ಕ್ಯಾಮೆರಾ ಕೊಡುವುದು ನೀಲಿ ಮೊದಲು, ಕೆಂಪು ಕೊನೆಗೆ. ಮಾಡೆಲ್ ಸರಿಯಾಗಿಯೇ ಪರಿವರ್ತನೆಯಾಗಿತ್ತು. ಅದರ ಕಣ್ಣಿಗೆ ನಾನು ಕೊಟ್ಟ ಲೋಕವೇ ಅದಲುಬದಲಾಗಿತ್ತು. ಹಳದಿ ಹೆಲ್ಮೆಟ್ ಆಕಾಶ ಬಣ್ಣವಾಗಿತ್ತು. ಅಂಥದ್ದೊಂದು ಹೆಲ್ಮೆಟ್ಟನ್ನು ಏಳು ತಿಂಗಳಲ್ಲಿ ನಾನು ಅದಕ್ಕೆ ಒಮ್ಮೆಯೂ ತೋರಿಸಿರಲಿಲ್ಲ.

ಹಾಗಾದರೆ ನಮ್ಮಿಬ್ಬರ ಪರೀಕ್ಷೆ ಪಾಸಾದದ್ದು ಹೇಗೆ? ಅವಲಕ್ಕಿ ಬಾಯಿಗಿಡುವ ಮುಂಚೆ ಅದೂ ಹೊಳೆಯಿತು. ಬಿಳಿಯಲ್ಲಿ ಮೂರೂ ಬಣ್ಣ ಸಮಸಮ. ಕೆಂಪನ್ನೂ ನೀಲಿಯನ್ನೂ ಎಷ್ಟು ಅದಲುಬದಲು ಮಾಡಿದರೂ ಬಿಳಿ ಬಿಳಿಯೇ. ಬಿಳಿ ಹೆಲ್ಮೆಟ್ಟಿನವರು ತಯಾರಿಸಿ, ಬಿಳಿ ಹೆಲ್ಮೆಟ್ಟಿನವರೇ ಹಾಕಿಕೊಂಡು ನೋಡಿ, ಭೇಷ್ ಎಂದು ಬೆನ್ನು ತಟ್ಟಿಸಿಕೊಂಡ ಯಂತ್ರ. ಇಡೀ ಗೋದಾಮಿನಲ್ಲಿ ಹಳದಿ ತಲೆಗಳು ಮೂವತ್ತಿದ್ದವು, ಅವರಲ್ಲಿ ಒಬ್ಬನನ್ನು ಕರೆದು ಎರಡು ಹೆಜ್ಜೆ ನಡೆಸಿ ನೋಡೋಣವೆಂದು ನನಗೂ ಅನ್ನಿಸಲಿಲ್ಲ, ಫೆಲಿಕ್ಸ್‌ಗೂ ಅನ್ನಿಸಲಿಲ್ಲ. ಅವಲಕ್ಕಿ ರುಚಿಸಲಿಲ್ಲ. "ಖಾರ ಕಮ್ಮಿ ಆತೇನ್ರಿ?" ಎಂದಳು ಶೋಭಾ. ಇಲ್ಲವೆಂದೆ.

ತಿದ್ದಲು ಬೇಕಾದದ್ದು ಒಂದೇ ಸಾಲು. ಬುಧವಾರ ಬೆಳಿಗ್ಗೆ ಬೇಗ ಹೋಗಿ ಅದನ್ನು ತಿದ್ದಿದೆ. ಕಷ್ಟವಿದ್ದದ್ದು ಆಮೇಲಿನ ಮಾತಿನಲ್ಲಿ. ಇನ್ನು ಮುಂದೆ ಯಂತ್ರ ಸರಿಯಾಗಿ ಹೇಳುತ್ತದೆ, ನಿಜ. ಆದರೆ ಈಗಾಗಲೇ ಕೊಟ್ಟ ಪತ್ರಗಳು? ಅವು ರದ್ದಾಗಬೇಕಾದರೆ ತಪ್ಪು ಯಾರದೆಂದು ಯಾರಾದರೂ ಬರೆದುಕೊಡಬೇಕೆಂದರು ಸಾಲೆಂ. ನಾನು ಕುಳಿತು ಒಂದು ಪತ್ರ ಬರೆದೆ. ಬಣ್ಣಗಳ ಅನುಕ್ರಮದಲ್ಲಿನ ಅನಿರೀಕ್ಷಿತ ವ್ಯತ್ಯಯ, ಪರಿವರ್ತನೋತ್ತರ ಹೊಂದಾಣಿಕೆಯ ಕೊರತೆ ಎಂಬ ಅರ್ಥ ಬರುವ ಭಾರಿ ಇಂಗ್ಲಿಷ್ ಮಾತುಗಳಿದ್ದವು. ಓದಿದವರಿಗೆ ತಪ್ಪು ಮಾಡಿದ್ದು ಹವಾಮಾನವೇನೋ ಎನ್ನಿಸಬೇಕು, ಹಾಗಿತ್ತು. ಸಾಲೆಂ ಎರಡು ಸಲ ಓದಿ, ಕಾಗದವನ್ನು ನನ್ನತ್ತಲೇ ಸರಿಸಿದರು. "ಮುಹಂದಿಸ್, ಸೀದಾ ಬೋಲೋ. ಕಿಸ್ಕಾ ಗಲ್ತಿ?"

ಎರಡನೆಯ ಕಾಗದದಲ್ಲಿ ಮೂರೇ ಮಾತು ಬರೆದೆ. ತಪ್ಪು ಬಶೀರನದಲ್ಲ. ಯಂತ್ರದ್ದಲ್ಲ. ನನ್ನದು. ಸಾಲೆಂ ಠಸ್ಸೆ ತೆಗೆದು ಟಪ್ಪೆಂದು ಹೊಡೆದು, "ಖಲಾಸ್" ಎಂದರು. ನನ್ನ ಡಿಗ್ರಿಯ ಮೇಲೆ ಬಿದ್ದ ಅಷ್ಟೂ ಠಸ್ಸೆಗಳಲ್ಲಿ ಮನಸ್ಸನ್ನು ಇಷ್ಟು ಹಗುರವಾಗಿಸಿದ್ದು ಯಾವುದೂ ಇರಲಿಲ್ಲ. ಅದೇ ಉತ್ಸಾಹದಲ್ಲಿ ಗೋದಾಮಿಗಿಳಿದು ಬಶೀರನ ಹಳದಿ ಹೆಲ್ಮೆಟ್ಟನ್ನು ಕೇಳಿ ಪಡೆದು, ಎಣ್ಣೆಯ ಸಮೇತ ತಲೆಗೇರಿಸಿಕೊಂಡು ಕ್ಯಾಮೆರಾದ ಮುಂದೆ ನಡೆದೆ. "ಹೆಲ್ಮೆಟ್ ಇದೆ" ಎಂದಿತು ಡಬ್ಬಿ. ಹಳದಿ ತಲೆಗಳೆಲ್ಲ ಚಪ್ಪಾಳೆ ತಟ್ಟಿದವು. ಬಶೀರ್ ನನ್ನ ಎರಡೂ ಕೈ ಹಿಡಿದುಕೊಂಡು, "ಉಪಕಾರ ಆಯ್ತು ಸಾರ್" ಎಂದ. ತಪ್ಪು ಮಾಡಿದವನಿಗೇ ಉಪಕಾರ ಸ್ಮರಣೆ! ಗುರುವಾರ ಅವನ ರಜೆಗೆ ಸಹಿಯಾಯಿತು. ಆ ಎರಡು ದಿನ ನಾನು ಬಹಳ ದೊಡ್ಡ ಮನುಷ್ಯನಂತೆ ಓಡಾಡಿದೆ; ಮನೆಯಲ್ಲಿ ಹೆಂಡತಿ, ಮಗಳ ಮುಂದೆ ನನ್ನ ಪ್ರಾಮಾಣಿಕತೆಯ ಕಥೆಯನ್ನು ಮೂರು ಬಗೆಯಲ್ಲಿ ಹೇಳಿದೆ. ಕೆಲಸಗಾರರನ್ನು ಮನುಷ್ಯರೆಂದು ಕಾಣಬೇಕು, ಯಂತ್ರವನ್ನಲ್ಲ, ಎಂದು ಒಂದು ಸಣ್ಣ ಭಾಷಣವನ್ನೂ ಸೇರಿಸಿದೆ.

ಶನಿವಾರ ಬೌಷರಿನ ಮಾಲಿನೊಳಗಿನ ದೊಡ್ಡ ಅಂಗಡಿಗೆ ಹೋಗಿದ್ದೆವು. ಪಾತ್ರೆ ಪಗಡದ ಸಾಲಿನಲ್ಲಿ ಶೋಭಾ ಇಡ್ಲಿ ಸ್ಟ್ಯಾಂಡಿನಲ್ಲಿ ಗುಳಿಗಳೆಷ್ಟಿವೆ ಎಂದು ನೋಡುತ್ತಿದ್ದಳು. ಎದುರಿನಿಂದ ತಳ್ಳುಗಾಡಿಯ ತುಂಬ ಹಾಲಿನ ಪುಡಿ, ಚಾಕೊಲೇಟು, ಒಂದು ದೊಡ್ಡ ಗೊಂಬೆ ಪೇರಿಸಿಕೊಂಡು ಒಬ್ಬಾತ ಬಂದ. ಇಸ್ತ್ರಿ ಮಾಡಿದ ಅಂಗಿ, ಗುಂಗುರು ಕೂದಲು, ಕಿವಿಯ ಬಳಿ ನಾಲ್ಕು ನರೆ. ನನ್ನನ್ನು ಕಂಡು ಮುಖ ಅರಳಿಸಿ ತಲೆಬಾಗಿದ. ಮಾಲಿನಲ್ಲಿ ಅಪರಿಚಿತರಿಗೆ ಮಾಡುವ ಹಾಗೆ ನಾನೂ ಅರ್ಧ ತಲೆಯಾಡಿಸಿ ದಾರಿ ಬಿಟ್ಟೆ. ಅವನು ಹೋಗಲಿಲ್ಲ, ಅಲ್ಲೇ ನಿಂತ.

"ಯಾರ್ರೀ ಅವರು?" ಎಂದಳು ಶೋಭಾ, ಮೆಲ್ಲಗೆ.

"ಗೊತ್ತಿಲ್ಲ. ಯಾರೋ ಇರಬೇಕು" ಎಂದೆ. ಅಷ್ಟು ಮೆಲ್ಲಗೆ ಹೇಳಲಿಲ್ಲವೆಂದು ಕಾಣುತ್ತದೆ.

ಆ ಮನುಷ್ಯ ಬೇಸರಿಸಲಿಲ್ಲ. ಆಚೀಚೆ ನೋಡಿ, ಪಕ್ಕದ ಕಪಾಟಿನಲ್ಲಿದ್ದ ಹಳದಿ ಪ್ಲಾಸ್ಟಿಕ್ ಬೋಗುಣಿಯೊಂದನ್ನು ಎತ್ತಿ, ತಲೆಯ ಮೇಲೆ ಮಗುಚಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ತೋರಿಸಿ, "ಈಗ ಗೊತ್ತಾಯ್ತಾ ಸಾರ್?" ಎಂದ.

ಗೊತ್ತಾಗದೆ ಏನು? ಅರೆಕ್ಷಣವೂ ಬೇಕಾಗಲಿಲ್ಲ. "ಅರೇ, ಬಶೀರ್!" ಎಂದು ನಾನು ಕೂಗಿದ್ದಕ್ಕೆ ಶೋಭಾ ನನ್ನ ಮುಖವನ್ನೊಮ್ಮೆ, ಆ ಬೋಗುಣಿಯನ್ನೊಮ್ಮೆ ನೋಡಿದಳು. ನಾನು ಕಪಾಟಿನ ಕಡೆ ತಿರುಗಿ ಬೋಗುಣಿಯ ಬೆಲೆ ಓದತೊಡಗಿದೆ.